ಲೈನಿಂಗ್ ಮೇಲೆ ಬಿದ್ದ ಹನಿ

"ಅದು... ನನ್ನ ಸ್ಟೂಲು."

ಅವಳು ಹೇಳಿದ್ದು ಅಷ್ಟೇ. ಬಾಯಿಂದ ಆಚೆ ಬರುವಷ್ಟರಲ್ಲಿ ಆ ಮಾತು ಬರೀ ಉಸಿರಾಗಿತ್ತು.

ಸ್ಟೂಲಿನ ಮೇಲೆ ಕೂತು ಅಳತೆ ಪುಸ್ತಕ ನೋಡುತ್ತಿದ್ದ ಹೊಸ ಕಟಿಂಗ್ ಮಾಸ್ಟರು ತಲೆ ಎತ್ತಿದರು.

"ಏನಂದ್ರಿ?"

"ನನ್ನ ಸ್ಟೂಲು..."

"ಜೋರಾಗಿ ಹೇಳಿ, ಮಷಿನ್ ಸದ್ದಲ್ಲಿ ಕೇಳಿಸ್ತಿಲ್ಲ!"

ನಾಲ್ಕು ಮಷಿನ್ನೂ ಒಟ್ಟಿಗೆ ನಿಂತವು. ಟೈಲರ್ ಅಂಗಡಿಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅವಳ ಕಿವಿ ಬಿಸಿಯಾಯಿತು.

"ಅಯ್ಯೋ ಮಾಸ್ಟರೇ, ಏಳಿ ಏಳಿ! ಅದು ಕಾಜಾ ಅಕ್ಕನ ಜಾಗ," ಎಂದು ಇಸ್ತ್ರಿಯವನು ಕೂಗಿದ.

ಅವರು ಎದ್ದ ರಭಸಕ್ಕೆ ಸ್ಟೂಲೇ ಉರುಳಿತು. "ತಪ್ಪಾಯ್ತು! ನೀವಿಲ್ಲದ ಎರಡು ತಿಂಗಳು ಕೂತು ಕೂತು ನನ್ನದೇ ಅನ್ನಿಸಿಬಿಟ್ಟಿತ್ತು. ನನ್ನ ದುರಾಸೆ ನೋಡಿ!"

ಎಲ್ಲರೂ ನಕ್ಕರು. ಅವಳೂ ನಕ್ಕಳು, ಒಳಗೊಳಗೇ. ಮುಖ ಮಾತ್ರ ಗೋಡೆಯ ಹಾಗೆ ನಿಂತಿತ್ತು.

ಅದು ಕಾಯಿಲೆಯ ಕೆಲಸ. ಹೊಸ ಕಟಿಂಗ್ ಮಾಸ್ಟರಿಗೆ ಅದೆಲ್ಲಿ ಗೊತ್ತಾಗಬೇಕು? 'ಈ ಹೆಂಗಸಿಗೆ ನನ್ನ ಕಂಡರಾಗಲ್ಲ' ಅಂದುಕೊಂಡರು ಪಾಪ.

ಕೋಟಿನ ಗುಂಡಿ ತೂರುವ ಕಾಜಾ ಇದೆಯಲ್ಲ, ಅದನ್ನು ಕೈಯಲ್ಲಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಅಂಗಡಿಯಲ್ಲಿ ಇರಲಿಲ್ಲ. ಆರು ವರ್ಷದ ಹಿಂದೆ ಬಲಗೈ ಹೆಬ್ಬೆರಳು ತಾನೇ ತಾನಾಗಿ ಅಲುಗತೊಡಗಿತು. ಡಾಕ್ಟರು ಪಾರ್ಕಿನ್ಸನ್ ಅಂದರು. ಮಾತ್ರೆ ನುಂಗಿದರೆ ನಾಲ್ಕು ಗಂಟೆ ಕೈ ಮಾತು ಕೇಳುತ್ತಿತ್ತು. ಆ ಹೊತ್ತಿನಲ್ಲೇ ಕೆಲಸ ಮುಗಿಸಿ ಏಳುತ್ತಿದ್ದಳು. ತಂಗಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಪಿತ್ತಕೋಶದ ಆಪರೇಷನ್ ಆಯಿತು. ಹೊಲಿಗೆ ಹಾಕಿದ ಜಾಗ ಕೀವು ತುಂಬಿತು. ಇಪ್ಪತ್ತೆರಡು ದಿನ ಆಸ್ಪತ್ರೆ, ಜ್ವರ, ಡ್ರಿಪ್ಪು. ಜ್ವರವೇನೋ ಇಳಿಯಿತು. ಆದರೆ ಮನೆಗೆ ಬಂದದ್ದು ಹೋದಾಗಿನ ಮೈಯಲ್ಲ. ಮಾತ್ರೆ ಈಗ ಒಂದೂವರೆ ಗಂಟೆಯೂ ಹಿಡಿಯದು. ದನಿ ಒಳಗೆ ಸೇರಿಕೊಂಡಿತು. ಬಾಗಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಬಾಯಿಯ ಅಂಚಿನಲ್ಲಿ ಜೊಲ್ಲು ತುಂಬಿ, ಬಿದ್ದ ಮೇಲೆಯೇ ಅವಳಿಗೆ ಗೊತ್ತಾಗುತ್ತಿತ್ತು.

"ಸೋಂಕು ಬಂದಾಗ ಈ ಕಾಯಿಲೆ ಕೆರಳುತ್ತೆ. ಸ್ವಲ್ಪ ಸುಧಾರಿಸಬಹುದು, ಪೂರ್ತಿ ಅಂತ ಮಾತು ಕೊಡಲ್ಲ," ಅಂದಿದ್ದರು ಡಾಕ್ಟರು.

ಅಂಗಡಿಯ ಯಜಮಾನರಿಗೆ ಮಾತ್ರ ಅವಳು, "ಪೂರ್ತಿ ಗುಣವಾಗಿದ್ದೀನಿ," ಅಂದುಬಿಟ್ಟಿದ್ದಳು. ಆ ಸುಳ್ಳು ದಿನಾ ಅವಳ ಜೊತೆ ಸ್ಟೂಲಿನ ಮೇಲೆ ಕೂರುತ್ತಿತ್ತು.

ಒಂದು ವಾರ ಕಳೆದ ಮೇಲೆ, ದಿನಾ ಬೆಳಿಗ್ಗೆ ಬಂದರೆ ಅವಳ ಜಾಗದಲ್ಲಿ ದಾರ ಪೋಣಿಸಿದ ಆರು ಸೂಜಿಗಳನ್ನು ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚಿಟ್ಟಿರುತ್ತಿತ್ತು. ಮಾಸ್ಟರು ಏನೂ ಗೊತ್ತಿಲ್ಲದವರ ಹಾಗೆ ಬಟ್ಟೆ ಕತ್ತರಿಸುತ್ತಿದ್ದರು.

'ನನ್ನ ಕೈ ನಡುಗೋದು ನೋಡಿದಾರೆ! ಯಜಮಾನರಿಗೆ ಹೇಳಿಬಿಟ್ರೆ...?'

ಹೆದರಿಕೆಯ ಅಡಿಯಲ್ಲೇ ಇನ್ನೊಂದು ಇತ್ತು. ಹೆಂಡತಿ ತೀರಿಹೋದ ಆ ಮನುಷ್ಯನ ನಗು ಕೇಳಿದರೆ ಅವಳ ಮನಸ್ಸು ಎದ್ದು ಕೂರುತ್ತಿತ್ತು. 'ಐವತ್ಮೂರಕ್ಕೆ ಇದೆಂಥ ಹುಚ್ಚು! ಅದೂ ಈ ಸ್ಥಿತೀಲಿ!'

ಹಾಗಿರುವಾಗ ಒಂದು ದಿನ ವಕೀಲರೊಬ್ಬರು ಕೋಟು ಒಯ್ಯಲು ಬಂದರು. ಕಾಜಾ ತೋರಿಸಲು ಅವಳು ಕೋಟನ್ನು ಮೇಜಿನ ಮೇಲೆ ಬಿಡಿಸಿಟ್ಟು ಬಗ್ಗಿದಳು.

ಟಪ್!

ಕೋಟಿನ ಒಳಮೈಯ ಬೂದು ಬಣ್ಣದ ಲೈನಿಂಗ್ ಮೇಲೆ ಒಂದು ಹನಿ. ಅಗಲವಾಗುತ್ತಾ ಕಪ್ಪಾಗುತ್ತಿದೆ... ಅವಳ ಬಾಯಿಂದ ಬಿದ್ದದ್ದು!

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಮಾಸ್ಟರು ನೋಡಿದರು. ಒಂದು ಗಳಿಗೆಯೂ ತಡ ಮಾಡಲಿಲ್ಲ. ಇಸ್ತ್ರಿಯವನ ಬಟ್ಟಲಿಗೆ ಕೈ ಅದ್ದಿ ಲೈನಿಂಗ್ ಮೇಲೆಲ್ಲ ನೀರು ಚಿಮುಕಿಸಿದರು.

"ಕ್ಷಮಿಸಿ ಸಾರ್, ಕೊನೇ ಇಸ್ತ್ರಿ ಬಾಕಿ ಇದೆ. ಹತ್ತೇ ನಿಮಿಷ."

"ನಿಮ್ಮ ಹತ್ತು ನಿಮಿಷ ನನಗೆ ಗೊತ್ತಿಲ್ವೇನ್ರೀ," ಅನ್ನುತ್ತಾ ವಕೀಲರು ಕೂತರು.

ನೂರು ಹನಿಗಳ ನಡುವೆ ಆ ಒಂದು ಹನಿ ಯಾರಿಗೂ ಕಾಣಲಿಲ್ಲ. ಆದರೆ ಮಾಸ್ಟರಿಗೆ ಗೊತ್ತು. ಅವರಿಗೇ ಗೊತ್ತಾಯಿತಲ್ಲ! ಬೇರೆ ಯಾರು ನೋಡಿದ್ದರೂ ಸಹಿಸುತ್ತಿದ್ದಳೇನೋ. ಕಲ್ಲಿನಂಥ ಮುಖ ಹೊತ್ತುಕೊಂಡು ಅವಳು ಮನೆಗೆ ಹೋದಳು.

ಮೂರು ದಿನ ಅಂಗಡಿಗೆ ಹೋಗಲಿಲ್ಲ. ನಾಲ್ಕನೇ ದಿನ ಸಂಜೆ ಬೆಲ್ ಆಯಿತು.

"ಅಕ್ಕಾ, ನಿಮ್ಮ ಮಾಸ್ಟರು ಬಂದಿದಾರೆ," ಅಂದಳು ತಂಗಿ.

"ನಾನಿಲ್ಲ ಅಂತ ಹೇಳು."

"ನೀನೇ ಬಂದು ಇಲ್ಲ ಅಂತ ಹೇಳು!" ಎಂದು ತಂಗಿ ಅಡುಗೆಮನೆಗೆ ನಡೆದಳು.

ಅವಳು ಎದ್ದಳು. ರೂಮಿನ ಬಾಗಿಲಿಗೆ ಬಂದಳು. ಪಾದ ಅಲ್ಲೇ ಅಂಟಿಕೊಂಡಿತು. ಹಾಲಿನಲ್ಲಿ ನಿಂತಿದ್ದ ಮಾಸ್ಟರು ಅವಳ ಮುಖ ನೋಡದೇ ಮಾತಾಡಿದರು.

"ನನ್ನ ಕಂಡರೆ ನಿಮಗಾಗಲ್ಲ ಅಂತ ಗೊತ್ತು. ಬೇರೆ ಅಂಗಡಿ ನೋಡ್ಕೊಂಡಿದೀನಿ, ಸೋಮವಾರದಿಂದ ಅಲ್ಲಿ. ನೀವು ನಿಮ್ಮ ಜಾಗಕ್ಕೆ ವಾಪಸ್ ಬನ್ನಿ."

"ಯಾರು ಹೇಳಿದ್ದು... ಆಗಲ್ಲ ಅಂತ?"

"ನೀವು ಒಂದು ದಿನಾನೂ ನಕ್ಕಿಲ್ಲ."

"ನಕ್ಕಿದೀನಿ! ನೀವು ಹೇಳಿದ ಎಲ್ಲದಕ್ಕೂ ನಕ್ಕಿದೀನಿ. ಮುಖಕ್ಕೆ ಬರಲ್ಲ... ಪಾರ್ಕಿನ್ಸನ್. ಆಪರೇಷನ್ ಆದ ಮೇಲೆ ಜಾಸ್ತಿಯಾಗಿದೆ. ಈಗ ನೋಡಿ, ಕಾಲೂ ಏಳ್ತಿಲ್ಲ."

ಮಾಸ್ಟರು ಓಡಿಬಂದು ಕೈ ಹಿಡಿಯಹೋದರು.

"ಎಳೀಬೇಡಿ, ಬೀಳ್ತೀನಿ!"

"ಮತ್ತೆ ಏನು ಮಾಡ್ಲಿ? ನೀವೇ ಹೇಳಿ."

ಹೊರಗಿನವರು ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಕೇಳುವುದಕ್ಕೆ ಅವಳು ಬಿಟ್ಟಿದ್ದರೆ ತಾನೇ? ನಾಚಿಕೆಯನ್ನು ಗುಟುಕು ನೀರಿನಂತೆ ನುಂಗಿ ಹೇಳಿದಳು.

"ನಿಮ್ಮ ಪಾದ ನನ್ನ ಪಾದದ ಮುಂದೆ ಅಡ್ಡ ಇಡಿ. ದಾಟೋಕೆ ಏನಾದ್ರೂ ಇದ್ರೆ ಕಾಲು ಏಳುತ್ತೆ."

ಅವರು ಚಪ್ಪಲಿ ಬಿಟ್ಟು ಬಂದ ಬರಿಗಾಲನ್ನು ಅಡ್ಡ ಇಟ್ಟರು. ಅವಳು ದಾಟಿದಳು. ಇನ್ನೊಂದು ಹೆಜ್ಜೆ. ಆಮೇಲೆ ಕುರ್ಚಿಯವರೆಗೆ ತಾನೇ ನಡೆದಳು.

"ಆವತ್ತು ನೋಡಿದ್ರಲ್ಲ... ಅಸಹ್ಯ ಆಗಲಿಲ್ವಾ?"

"ಭಯ ಆಯ್ತು, ನೀವು ಎದ್ದು ಹೋಗ್ತೀರಿ ಅಂತ. ಹೋಗೇಬಿಟ್ರಿ."

"ಮತ್ತೆ ಆ ಸೂಜಿಗಳು? ನನ್ನ ಕೈ ನೋಡಿ ಕನಿಕರವೇ?"

"ಕನಿಕರ ಎಲ್ಲಿ ಬಂತು? ನಿಮ್ಮ ಜಾಗದ ಹತ್ತಿರ ಬರೋಕೆ ಒಂದು ನೆಪ ಬೇಕಿತ್ತು." ಮಾಸ್ಟರು ಈಗ ಅವಳ ಮುಖ ನೋಡಿದರು. "ಇಡೀ ಅಂಗಡಿ ನಿಮ್ಮನ್ನ ಅಕ್ಕ ಅನ್ನುತ್ತೆ. ನಾನು ಒಂದು ಸಲ ಆದ್ರೂ ಅಂದಿದೀನಾ?"

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಅವಳ ಕಣ್ಣು ತುಂಬಿತು. "ಇದು ಇನ್ನೂ ಹೆಚ್ಚಾಗುತ್ತೆ ಮಾಸ್ಟರೇ."

"ಆಗಲಿ. ಏನು ಮಾಡ್ಬೇಕು ಅಂತ ಆಗಲೂ ನೀವೇ ಹೇಳ್ಕೊಡಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ನಾಳೆ ಬರ್ತೀನಿ. ಯಜಮಾನರಿಗೆ ನಾನೇ ನಿಜ ಹೇಳ್ತೀನಿ. ದಿನಕ್ಕೆ ಎರಡೇ ಕಾಜಾ ಆಗೋದು, ಬೇಕಾದ್ರೆ ಇಟ್ಕೊಳ್ಳಲಿ," ಅಂದಳು.

"ನಾನು ಪಕ್ಕದಲ್ಲಿ ನಿಲ್ಲಲಾ?"

"ನಿಲ್ಲಿ. ಬಾಯಿ ಮಾತ್ರ ಹಾಕಬೇಡಿ."

"ಅದು ಸ್ವಲ್ಪ ಕಷ್ಟ..."

"ಆ ಹೊಸ ಅಂಗಡಿಯವರಿಗೆ ಏನು ಹೇಳ್ತೀರಿ?"

"ಹುಷಾರಿಲ್ಲ ಅಂತೀನಿ."

"ಏನಾಗಿದೆ ಅಂತ ಕೇಳಿದ್ರೆ?"

"ನನಗೆ ಐವತ್ತೈದಕ್ಕೆ ಆಗಬಾರದ್ದು ಆಗಿದೆ ಅಂತೀನಿ."

ಅವಳು ತಲೆ ತಗ್ಗಿಸಲಿಲ್ಲ. ನಡುಗುವ ಕೈಯನ್ನು ಸೆರಗಿನಲ್ಲಿ ಮುಚ್ಚಲೂ ಇಲ್ಲ.

"ನನಗೂ," ಅಂದಳು.