ಮೊದಲ ಸಾಲು

ಮನೆ ಇನ್ನೂ ಸಿಕ್ಕಿರಲಿಲ್ಲ, ಅವನ ಷಡ್ಡಕ ಆಗಲೇ ಸೋಫಾ ಕೊಂಡಿದ್ದ. ಅದರ ಉದ್ದ, ಅಗಲ, ಹೊದಿಕೆಯ ಬಣ್ಣ ಎಲ್ಲವನ್ನೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾಲ್ಕು ಜನರೆದುರು ವರ್ಣಿಸಿದ. ಕೊನೆಗೆ ಅವನ ಹೆಗಲ ಮೇಲೆ ಕೈಯಿಟ್ಟು, "ನಿಮಗೂ ಒಂದಿನ ಕ್ವಾರ್ಟರ್ಸ್ ಸಿಗುತ್ತೆ ಬಿಡಿ ಅಣ್ಣ, ತಲೆ ಕೆಡಿಸ್ಕೋಬೇಡಿ" ಎಂದ. ಹೆಂಡತಿಯ ತಂಗಿಯ ಗಂಡ, ಔಷಧಿ ಉಗ್ರಾಣದವನು, ಕಾಯುವವರ ಪಟ್ಟಿಯಲ್ಲಿ ಅವನಿಗಿಂತ ಒಂದು ಸಾಲು ಕೆಳಗಿರುವವನು, ಸಮಾಧಾನ ಹೇಳುವ ಚಂದ ನೋಡಿ. ಸಮಾಧಾನ ಹೇಳಿಸಿಕೊಂಡವನು ನಗುತ್ತಲೇ ಕಾಫಿ ಕುಡಿದ. ಲೋಟ ಕೆಳಗಿಡುವಷ್ಟರಲ್ಲಿ ಅವನೊಳಗಿನ ಸಭ್ಯ ಮನುಷ್ಯ ಅರ್ಧ ದಿನದ ರಜೆ ಹಾಕಿ ಹೊರಟುಹೋಗಿದ್ದ.

ಖಾಲಿಯಾಗಿದ್ದದ್ದು ಒಂದೇ ಮನೆ. ಮೂರು ಕೋಣೆ, ಎರಡು ಕಡೆ ಬೆಳಕು, ಆಸ್ಪತ್ರೆಗೆ ನಡೆದು ಐದು ನಿಮಿಷ. ಪಟ್ಟಿಯಲ್ಲಿ ಮೊದಲನೆಯ ಹೆಸರು ಎಕ್ಸ್‌ರೇ ಅಕ್ಕನದು, ಎರಡನೆಯದು ಅವನದು, ಮೂರನೆಯದು ಷಡ್ಡಕನದು. ಎಕ್ಸ್‌ರೇ ವಿಭಾಗದ ಆ ಹೆಂಗಸನ್ನು ಆಸ್ಪತ್ರೆಯ ಮುದುಕರೂ ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ್ದರಲ್ಲಿ ಅವಳು ಅವನಿಗಿಂತ ಎರಡು ತಿಂಗಳು ಹಿರಿಯಳು. ಆ ಎರಡು ತಿಂಗಳೂ ಅವನು ಒಂದು ಪ್ರಮಾಣಪತ್ರದ ಮೇಲೆ ಒಂದು ಮುದ್ರೆ ಬೀಳಲಿ ಎಂದು ಕಾಯುತ್ತ ಕುಳಿತಿದ್ದ. ಯಾರೋ ಗುಮಾಸ್ತ ಮುದ್ರೆಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡು ಊರಿಗೆ ಹೋಗಿದ್ದ. ಹಾಗಾಗಿ ನ್ಯಾಯವಾಗಿ ನೋಡಿದರೆ ಮನೆ ತನ್ನದೇ, ಇದು ಕಳ್ಳತನವೇ ಅಲ್ಲ, ಒಂದು ತಿದ್ದುಪಡಿ ಎಂದು ಅವನು ತನಗೆ ತಾನೇ ವಿವರಿಸಿಕೊಂಡ. ಕೇಳಿದವನು ತಕ್ಷಣ ಒಪ್ಪಿಬಿಟ್ಟ.

ಅವನ ಮನೆಯ ಕಷ್ಟ ಸುಳ್ಳೇನಲ್ಲ. ಎರಡು ಕೋಣೆ, ಐದು ಜನ. ಅಮ್ಮನ ಮಂಚ ನಡುಮನೆಯನ್ನು ಪೂರ್ತಿ ನುಂಗಿತ್ತು. ದೊಡ್ಡ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು, ಚಿಕ್ಕವಳು ವಾಷಿಂಗ್ ಮಷಿನ್ ಮೇಲೆ ಬರೆಯುತ್ತಿದ್ದಳು. ಬಟ್ಟೆ ಹಿಂಡುವ ಹೊತ್ತಿಗೆ ಅವಳ ಅಕ್ಷರಗಳಿಗೆ ಚಳಿಜ್ವರ ಬರುತ್ತಿತ್ತು. ಹೆಂಡತಿ ಗೊಣಗುವವಳಲ್ಲ. ಆದರೆ ತಂಗಿಯ ಸೋಫಾದ ಸುದ್ದಿ ಕೇಳಿದ ಸಂಜೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಒಬ್ಬಳೇ ಕೂತಿದ್ದಳು. ಬೇರೆಲ್ಲೂ ಒಬ್ಬಳೇ ಕೂರಲು ಜಾಗ ಇರಲಿಲ್ಲ. ಅದು ಅವನಿಗೆ ನಿಜವಾಗಿಯೂ ನೋವು ಕೊಟ್ಟಿತು.

ಉಪಾಯ ಹುಡುಕಿಕೊಂಡು ಅವನು ದೂರ ಹೋಗಬೇಕಾಗಿರಲಿಲ್ಲ, ಅದು ಅವನ ಮೇಜಿನ ಮೇಲೆಯೇ ಇತ್ತು. ಆಸ್ಪತ್ರೆಯ ಕಚೇರಿಯವರೆಲ್ಲ ಈಗ ಕಂಪ್ಯೂಟರಿನ ಎಐ ಸಹಾಯಕನಿಗೆ ಹೇಳಿಯೇ ಕೆಲಸ ಮಾಡಿಸುತ್ತಿದ್ದರು. ಸಹಾಯಕ ಮಾತಿನ ಮಲ್ಲ ಅಷ್ಟೇ; ಪಟ್ಟಿ ತೆಗೆಯುವುದು, ಆದೇಶ ಹೊರಡಿಸುವುದು ಎಲ್ಲ ಅದರ ಬೆನ್ನ ಹಿಂದಿರುವ ಟೂಲ್ ಸರ್ವರಿನ ಕೆಲಸ. ಮೊದಲು ಏನು ಕೇಳಿದರೂ ಪುಟಗಟ್ಟಲೆ ಉತ್ತರ ಬರುತ್ತಿತ್ತು, ಓದುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಈಗ ಮಾತುಕತೆಯ ನಡುವೆಯೇ ಪುಟ್ಟ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಪಟ್ಟಿ, ಬಣ್ಣ, ಗುಂಡಿ ಎಲ್ಲ ಇರುತ್ತವೆ. ನೋಡಿ ಒತ್ತಿದರೆ ಮುಗಿಯಿತು. ಈ ಕಿಟಕಿಗಳನ್ನು ಕಟ್ಟುವವನೇ ಅವನು. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕಿಟಕಿ ಮೇಷ್ಟ್ರು ಎನ್ನುತ್ತಿದ್ದರು.

ಮನೆ ಹಂಚುವ ಕೆಲಸ ಇಷ್ಟು ವರ್ಷ ಕಾಗದದ ಮೇಲೆ ನಡೆದಿತ್ತು. ಈ ಸಲ ಅದಕ್ಕೂ ಕಿಟಕಿ ಬೇಕೆಂದು ವಸತಿ ವಿಭಾಗದ ಮೇಡಂ ಬರೆದು ಕಳಿಸಿದ್ದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಪಟ್ಟಿ ತೆರೆಯುತ್ತಾರೆ, ಮೊದಲ ಸಾಲಿನ ಪಕ್ಕದ ಹಸಿರು ಗುಂಡಿ ಒತ್ತುತ್ತಾರೆ, ಆದೇಶ ನೇರವಾಗಿ ಮನೆ ಸಿಕ್ಕವರ ಕೈಗೆ ಹೋಗುತ್ತದೆ. ಒಮ್ಮೆ ಹೊರಟ ಆದೇಶವನ್ನು ಮೂರು ವರ್ಷ ಯಾರೂ ಅಲುಗಿಸುವಂತಿಲ್ಲ. ಯಂತ್ರದ ತಪ್ಪೆಂದು ಸಾಬೀತಾದರೆ ಮಾತ್ರ ರದ್ದು. ನಿಯಮದ ಪುಸ್ತಕದ ಈ ಪುಟವನ್ನು ಅವನು ಎರಡು ಸಲ ಓದಿದ.

ದಡ್ಡನಾದವನು ಕಿಟಕಿಯೊಳಗೆ ತನ್ನ ಹೆಸರನ್ನೇ ತುರುಕುತ್ತಿದ್ದ. ಅವನು ಹಾಗೆ ಮಾಡಲಿಲ್ಲ. ಎಲ್ಲೂ ತನ್ನ ಹೆಸರಿಲ್ಲ, ನೌಕರಿಯ ಸಂಖ್ಯೆಯೂ ಇಲ್ಲ. ಮನುಷ್ಯರು ಸಾಲನ್ನು ಒಂದರಿಂದ ಎಣಿಸುತ್ತಾರೆ, ಸರ್ವರು ಸೊನ್ನೆಯಿಂದ ಎಣಿಸುತ್ತದೆ. ಮೊದಲ ಸಾಲನ್ನು ಒತ್ತಿದಾಗ ಕಿಟಕಿ ಸೊನ್ನೆ ಎಂದು ಹೇಳಿಕಳಿಸಬೇಕು. ಅವನ ಕಿಟಕಿ ಒಂದು ಎಂದು ಹೇಳಿಕಳಿಸುತ್ತಿತ್ತು. ಸರ್ವರಿನ ಲೆಕ್ಕದಲ್ಲಿ ಒಂದು ಎಂದರೆ ಎರಡನೆಯವನು. ಮೇಡಂ ಕಣ್ಣಿಗೆ ಮೊದಲನೆಯ ಸಾಲು, ಆದೇಶ ಎರಡನೆಯವನಿಗೆ. ಈ ವೃತ್ತಿಯಲ್ಲಿ ಈ ತಪ್ಪು ಮಾಡದವರು ಯಾರೂ ಇಲ್ಲ. ಸಿಕ್ಕಿಬಿದ್ದರೂ ಹಣೆ ಚಚ್ಚಿಕೊಂಡು ಕ್ಷಮೆ ಕೇಳಿದರಾಯಿತು.

ಉಳಿದ ಕಂಡಿಗಳನ್ನೂ ಒಂದೊಂದಾಗಿ ಮುಚ್ಚಿದ. ಸಹಾಯಕನಿಗೆ ಕಿಟಕಿಯೊಳಗೆ ಏನು ಕಾಣುತ್ತಿದೆ ಎಂಬುದೇ ತಿಳಿಯದು, ಒತ್ತಿದ ಮೇಲೆ ಬಂದ ಸಂಖ್ಯೆಯನ್ನು ಸರ್ವರಿಗೆ ದಾಟಿಸುವುದಷ್ಟೇ ಅದಕ್ಕೆ ಗೊತ್ತು. ಕೆಲಸ ಮುಗಿದಾಗ ಹೆಸರು ಹೇಳದೆ, "ಆದೇಶ ಹೊರಟಿದೆ" ಎಂದಷ್ಟೇ ತೋರಿಸುವಂತೆ ಮಾಡಿದ. ಸರ್ವರ್ ನೋಡಿಕೊಳ್ಳುವ ಸಹೋದ್ಯೋಗಿ ಅವನ ಕಿಟಕಿಗಳನ್ನು ಪರೀಕ್ಷಿಸಬೇಕಾದವಳು. ಅವಳು ಪರೀಕ್ಷಿಸುವುದೆಂದರೆ ಬಣ್ಣ ನೋಡುವುದು.

"ಈ ಹಸಿರು ಸ್ವಲ್ಪ ಜಾಸ್ತಿಯಾಯ್ತು. ಆಪರೇಷನ್ ಗೌನ್ ಥರ ಕಾಣ್ತಿದೆ" ಎಂದಳು.

"ತಿಳಿ ಮಾಡ್ಲಾ?"

"ಮಾಡಿ. ಉಳಿದಿದ್ದೆಲ್ಲ ಚೆನ್ನಾಗಿದೆ."

ಅವನು ಹಸಿರನ್ನು ತಿಳಿ ಮಾಡಿದ. ಅವಳು ಒಪ್ಪಿಗೆ ಕೊಟ್ಟಳು. ಅಪರಾಧಕ್ಕೆ ಕಚೇರಿಯ ಅನುಮತಿಯೂ ಸಿಕ್ಕಂತಾಯಿತು.

ಇನ್ನೂ ಒಂದು ಎಚ್ಚರಿಕೆ ಉಳಿದಿತ್ತು. ಸರ್ವರಿನ ಪಟ್ಟಿಯನ್ನಾಗಲಿ ದಾಖಲೆಯನ್ನಾಗಲಿ ಯಾರು ತೆರೆದು ನೋಡಿದರೂ, ನೋಡಿದ್ದು ಕೂಡ ದಾಖಲಾಗುತ್ತದೆ. ಹತ್ತು ಸಲ ಇಣುಕಿ ನೋಡಿ ಹೆಜ್ಜೆ ಗುರುತು ಬಿಡುವವರು ಹವ್ಯಾಸಿಗಳು. ಅವನು ಕಿಟಕಿಯನ್ನು ಪೊಳ್ಳು ಹೆಸರುಗಳಿಂದ ಪರೀಕ್ಷಿಸಿದ, ನಿಜವಾದ ಪಟ್ಟಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಗುರುವಾರ ಮೇಡಂ ಕೆಲಸ ಮುಗಿಸಿದ ತಕ್ಷಣ ಸರಿಯಾದ ಕಿಟಕಿಯನ್ನು ಅಲ್ಲಿಟ್ಟು, ತಪ್ಪಿನದನ್ನು ಗುರುತೂ ಸಿಗದಂತೆ ಅಳಿಸಿಬಿಡುವುದು. ಆಮೇಲೆ ಯಾರಾದರೂ ಕೇಳಿದರೆ ಮೇಡಂ ಬೆರಳು ಜಾರಿದೆ, ಅಷ್ಟೇ. ಹಣೆ ಚಚ್ಚಿಕೊಳ್ಳುವ ಅಗತ್ಯವೂ ಇಲ್ಲ.

ಬುಧವಾರ ಮಧ್ಯಾಹ್ನ ಅವನು ಎಕ್ಸ್‌ರೇ ಅಕ್ಕನನ್ನು ಹುಡುಕಿಕೊಂಡು ಹೋದ. ಮರುದಿನ ಏನಾದರೂ ಗುಲ್ಲೆದ್ದರೆ, ನಾನು ಮೊದಲೇ ಅಭಿನಂದಿಸಿದ್ದೆನಲ್ಲ ಎನ್ನಲು ಒಂದು ಸಾಕ್ಷಿ ಬೇಕಾಗಿತ್ತು. ಅವಳು ಸೀಸದ ಭಾರದ ಮೇಲಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದಳು.

"ನಾಳೆ ಮನೆ ನಿಮ್ಮದೇ ಅಕ್ಕ. ಮೊದಲೇ ಹೇಳಿಬಿಡೋಣ ಅಂತ ಬಂದೆ."

"ಹೌದೇನೋ ಮಾರಾಯ. ಒಬ್ಬಳಿಗೆ ಮೂರು ಕೋಣೆ, ಕಸ ಗುಡಿಸೋದೇ ಒಂದು ಕೆಲಸ." ಅವಳು ಕೈ ಒರೆಸಿಕೊಳ್ಳುತ್ತ ಕೇಳಿದಳು, "ಅಮ್ಮನ ಮಂಡಿ ಹೇಗಿದೆ? ಆವತ್ತು ಫೋಟೋ ತೆಗೀಬೇಕಾದ್ರೆ ಪಾಪ ತುಂಬಾ ನೋವು ಅಂತಿದ್ರು."

"ಹಾಗೇ ಇದೆ. ಮಕ್ಕಳು ಓಡಾಡುವಾಗ ಮಂಚಕ್ಕೆ ಕಾಲು ತಾಗಿಸ್ತಾರೆ, ಅಮ್ಮ ನೋವಿಗೆ ಎದ್ದು ಕೂತ್ಕೋತಾರೆ. ಬೇರೆ ಕಡೆ ಹಾಕೋಣ ಅಂದ್ರೆ ಜಾಗ ಇಲ್ಲ."

"ಮಕ್ಕಳು ಎಲ್ಲಿ ಓದ್ಕೋತಾರೆ ಮತ್ತೆ?"

ಅವನು ವಾಷಿಂಗ್ ಮಷಿನ್ ಕತೆ ಹೇಳಿದ. ನಗಿಸಬೇಕೆಂದೇ ಹೇಳಿದ್ದು, ಅವಳು ನಕ್ಕಳು ಕೂಡ. ಆ ವಾರವೆಲ್ಲ ಅವನು ಯಾವ ಲೆಕ್ಕಾಚಾರವೂ ಇಲ್ಲದೆ ಆಡಿದ ಮಾತು ಅದೊಂದೇ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಕುಡಿದ ಕಾಫಿ ಯಾಕೋ ಕಹಿಯಾಗಿತ್ತು. ಪುಡಿ ಸರಿಯಿಲ್ಲ ಎಂದುಕೊಂಡ.

ಗುರುವಾರ ಹನ್ನೊಂದು ಗಂಟೆಗೆ ಮೇಡಂ ಕೋಣೆಯ ಬಾಗಿಲು ಮುಚ್ಚಿತು. ಹನ್ನೊಂದೂ ಕಾಲಿಗೆ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಚಹಾಕ್ಕೆ ಹೊರಟರು. ಕೆಲಸ ಮುಗಿದಿತ್ತು. ಅವನು ಆತುರಪಡದೆ ತಪ್ಪಿನ ಕಿಟಕಿ ತೆಗೆದ, ಸರಿಯಾದ ಕಿಟಕಿ ಇಟ್ಟ, ಹಳೆಯದನ್ನು ಬುಡಸಮೇತ ಅಳಿಸಿದ. ದಾಖಲೆ ತೆರೆದು ನೋಡಬೇಕೆಂದು ಬೆರಳು ತುರಿಸಿತು; ಕೈಯನ್ನು ಜೇಬಿನಲ್ಲಿಟ್ಟುಕೊಂಡ. ಹೆಂಡತಿಗೆ ಮಾತ್ರ ತಡೆಯಲಾರದೆ ಫೋನ್ ಮಾಡಿ, "ಸಾಯಂಕಾಲ ಒಂದು ವಿಷಯ ಹೇಳ್ತೀನಿ, ನಿನಗೆ ಖುಷಿಯಾಗುತ್ತೆ" ಎಂದ. ಅವಳು ಏನು ಎಂದು ಎರಡು ಸಲ ಕೇಳಿದಳು. ಅವಳ ದನಿಯಲ್ಲಿ ಬಹಳ ದಿನದ ಮೇಲೆ ನಗು ಇತ್ತು, ಅದನ್ನು ಕೇಳಿ ಅವನಿಗೂ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಎರಡಕ್ಕೆ ಷಡ್ಡಕ ಓಡಿಬಂದ. ಅವನ ಮೊಬೈಲಿನಲ್ಲಿ ಆದೇಶವಿತ್ತು, ಆದೇಶದಲ್ಲಿ ಷಡ್ಡಕನದೇ ಹೆಸರಿತ್ತು.

"ಅಣ್ಣ, ನೋಡಿ ಇಲ್ಲಿ. ನನಗೇ ಬಂದಿದೆ. ಹೇಗೆ ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ. ಭಾನುವಾರ ಸಾಮಾನು ಸಾಗಿಸೋಕೆ ನೀವು ಬರಲೇಬೇಕು."

ಅವನು ಆದೇಶವನ್ನು ಮೇಲಿಂದ ಕೆಳಕ್ಕೆ ಓದಿದ, ಮತ್ತೆ ಕೆಳಗಿಂದ ಮೇಲಕ್ಕೆ ಓದಿದ. ಎರಡನೆಯವನಿಗೆ ಹೋಗಬೇಕಾದದ್ದು ಮೂರನೆಯವನಿಗೆ ಹೋಗಲು ಸಾಧ್ಯವೇ ಇರಲಿಲ್ಲ. ಮನಸ್ಸಿನಲ್ಲೇ ಕಿಟಕಿಯನ್ನು ಬಿಚ್ಚಿ ಮತ್ತೆ ಜೋಡಿಸಿದ. ಮೇಡಂ ಎರಡನೆಯ ಸಾಲನ್ನು ಒತ್ತಿದರೇ? ಅವರೇಕೆ ಎರಡನೆಯ ಸಾಲನ್ನು ಒತ್ತುತ್ತಾರೆ? ಹೀಗೆ ತಲೆ ಗಿರ್ರೆನ್ನುತ್ತಿರುವಾಗಲೇ ವಸತಿ ವಿಭಾಗದಿಂದ ಕರೆ ಬಂತು.

ಮೇಡಂ ಮುಖ ಸಪ್ಪಗಿತ್ತು. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಒಂದು ಎಡವಟ್ಟಾಗಿದೆ. ನಾನು ಕಣ್ಣಾರೆ ನೋಡಿ ಮೊದಲನೇ ಸಾಲನ್ನೇ ಒತ್ತಿದೆ. ಆದೇಶ ಬೇರೆಯವರಿಗೆ ಹೋಗಿದೆ. ನಿಮ್ಮ ಕಿಟಕಿಯಲ್ಲೇನಾದ್ರೂ ತಪ್ಪಿದ್ರೆ ಹೇಳಿ. ಈಗಲೇ ರದ್ದು ಮಾಡಿ, ಯಾರಿಗೆ ಸೇರಬೇಕೋ ಅವರಿಗೇ ಕೊಟ್ಟುಬಿಡ್ತೀನಿ."

ಯಾರಿಗೆ ಸೇರಬೇಕೋ ಅವರೆಂದರೆ ಎಕ್ಸ್‌ರೇ ಅಕ್ಕ. ತಪ್ಪು ಒಪ್ಪಿಕೊಂಡು ಇನ್ನೊಬ್ಬರಿಗೆ ಮನೆ ಕೊಡಿಸುವಷ್ಟು ಪುಣ್ಯವಂತ ಅವನಲ್ಲ. ಒಪ್ಪಿಕೊಂಡರೆ ಹಳೆಯ ಕಿಟಕಿ ಅಳಿಸಿದ್ದೂ ಬಯಲಾಗುತ್ತದೆ; ಮನೆಯಂತೂ ಹೋಯಿತು, ನೌಕರಿಯಾದರೂ ಉಳಿಯಲಿ ಎಂದುಕೊಂಡು ಅವನು ಮೇಡಂ ಎದುರೇ ಕಿಟಕಿ ತೆರೆದು, ಪೊಳ್ಳು ಹೆಸರುಗಳನ್ನು ಹಾಕಿ, ಐದು ಸಲ ಒತ್ತಿ ತೋರಿಸಿದ. ಐದು ಸಲವೂ ಮೊದಲನೆಯ ಸಾಲು ಮೊದಲನೆಯವರಿಗೇ ಹೋಯಿತು. ಕಿಟಕಿ ನಿರ್ದೋಷಿಯೆಂದು ಘನವಾದ ಭಾಷೆಯಲ್ಲಿ ಒಂದು ಪತ್ರ ಬರೆದು, ಕೆಳಗೆ ಸಹಿ ಹಾಕಿ, ತಾರೀಖು ಬರೆದು ಕೊಟ್ಟ.

ಮೇಡಂ ಪತ್ರವನ್ನು ಫೈಲಿಗೆ ಸೇರಿಸಿ ದಾರ ಕಟ್ಟಿದರು. "ಹಾಗಾದ್ರೆ ನನ್ನ ಬೆರಳೇ ಜಾರಿರಬೇಕು. ಇನ್ನು ಮೂರು ವರ್ಷ ಏನೂ ಮಾಡೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ" ಎಂದರು. ತಾನೇಕೆ ಬೇಜಾರು ಮಾಡಿಕೊಳ್ಳಬೇಕು, ಹೇಳುವುದಾದರೆ ಎಕ್ಸ್‌ರೇ ಅಕ್ಕನಿಗಲ್ಲವೇ ಹೇಳಬೇಕು ಎಂದು ಅವನು ಕೇಳಿದ. ಮೇಡಂ ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ನಿಮಗೆ ಗೊತ್ತಿಲ್ವಾ? ಅವರು ಇವತ್ತು ಬೆಳಿಗ್ಗೆ ಒಂಬತ್ತಕ್ಕೇ ಬಂದು ಪಟ್ಟಿಯಿಂದ ತಮ್ಮ ಹೆಸರು ತೆಗೆಸಿದ್ರು. ಒಬ್ಬಳಿಗೆ ಅಷ್ಟು ದೊಡ್ಡ ಮನೆ ಯಾಕೆ, ಮೇಷ್ಟ್ರ ಮಗಳು ವಾಷಿಂಗ್ ಮಷಿನ್ ಮೇಲೆ ಬರೀತಾಳಂತೆ, ಅವರಿಗೆ ಸಿಗಲಿ ಅಂದ್ರು. ನಾನು ಹನ್ನೊಂದಕ್ಕೆ ಕಿಟಕಿ ತೆರೆದಾಗ ಮೊದಲನೇ ಸಾಲಲ್ಲಿ ಇದ್ದದ್ದು ನಿಮ್ಮ ಹೆಸರೇ."