ಹೊಳೆವ್ವನ ಪಾದದ ಬರಹ

ಫೆಬ್ರುವರಿ 11, ಬೆಳಗ್ಗೆ 7.40. ನಿವೃತ್ತ ಮಾಸ್ತರ ನೀಲಕಂಠ ಅವರು ರಾಮದುರ್ಗದ ಠಾಣೆಗೆ ದೂರು ತಂದರು. ಬಜಾರಿನ ಹೊಳೆವ್ವನ ಗುಡಿಯಲ್ಲಿ, ಮೂರ್ತಿಯ ಪಾದದ ಕೆಳಗಿದ್ದ ಹಳೆಯ ಬರಹವನ್ನು ಯಾರೋ ಉಳಿಯಿಂದ ಕೆತ್ತಿ ಹಾಕಿದ್ದರು. ಅದನ್ನು ಓದಿ, ಹೊಳೆವ್ವ ಮೂಲದಲ್ಲಿ ಬೌದ್ಧರ ತಾರಾದೇವಿ ಎಂದು ಮೂರು ವಾರದ ಹಿಂದೆ ಊರಿಗೆಲ್ಲ ಸಾರಿದವರೂ ಇದೇ ಮಾಸ್ತರರು.

ಪಿಎಸ್‌ಐ ಅನ್ನಪೂರ್ಣಾ ಎಫ್‌ಐಆರ್ ದಾಖಲಿಸಿ 8.30ಕ್ಕೆ ಗುಡಿ ಮುಟ್ಟಿದರು. ಬಜಾರಿನಲ್ಲಿ ಕಡ್ಡಿ ಗುಡ್ಡವಾಗಲು ಹೊತ್ತು ಬೇಕಾಗಿಲ್ಲ. ಆಗಲೇ ಅರ್ಧ ಅಂಗಡಿಗಳ ಶಟರ್ ಇಳಿದಿದ್ದವು. ಗುಡಿಯ ಮುಂದೆ ಜನ ಗುಂಪುಗೂಡಿದ್ದರು. ಅನ್ನಪೂರ್ಣಾ ಅವರನ್ನು ಹಿಂದೆ ಸರಿಸಿ ಒಳಗೆ ಹೋದರು.

ಇಬ್ಬರು ಪಂಚರೆದುರು ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಮೂರ್ತಿಯ ಮೇಲೆ ಒಂದು ಗೀರೂ ಇಲ್ಲ. ಎದುರಿಗೆ ಅಕ್ಕಿ ಹರಡಿತ್ತು, ನಡುವೆ ಕೊಡ ಇಟ್ಟ ದುಂಡನೆಯ ಗುರುತು.

ಹವಾಲ್ದಾರ ಉಳವಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಮೇಡಂ, ದೇವರ ಕಲ್ಲಿಗೆ ಉಳಿ ಹಚ್ಚೋ ಮೊದಲ ದೇವರ ಕಳೆ, ಅಂದ್ರ ಜೀವಶಕ್ತಿ, ಕೊಡದಾಗಿನ ನೀರಿಗೆ ಇಳಸ್ತಾರ. ದೇವರಿಗೆ ನೋವಾಗಬಾರದಂತ. ಈಗ ಈ ಕಲ್ಲಿನ್ಯಾಗ ಹೊಳೆವ್ವ ಇಲ್ರಿ."

"ಹಾಳು ಮಾಡಾಕ ಬಂದಾವ ಇಷ್ಟು ಕಾಳಜಿ ಮಾಡತಾನೇನು?"

"ಇಲ್ರಿ."

"ಕೊಡ ಹುಡುಕು."

ದೂರ ಹೋಗಬೇಕಾಗಿರಲಿಲ್ಲ. ಗುಡಿಯ ಹಿಂದಿನ ಮನೆಯಲ್ಲಿ ಪೂಜಾರಿ ಬಾಯವ್ವ ತುಂಬಿದ ತಾಮ್ರದ ಕೊಡದ ಮುಂದೆ ದೀಪ ಹಚ್ಚಿ ಕುಳಿತಿದ್ದಳು.

"ಉಳಿ ಹೊಡದಾವ್ರು ಯಾರವ್ವ?"

"ನಾನ."

"ಯಾಕ?"

"ಬರಹ ಇದ್ರ ಸರಕಾರದವ್ರು ಆಕಿನ್ನ ಮ್ಯೂಸಿಯಮ್ಮಿಗೆ ಒಯ್ತಾರಂತ ಮಾಸ್ತರು ಅಂದ್ರು. ನಲವತ್ತು ವರ್ಷ ಜಳಕ ಮಾಡಿಸೇನಿ. ಗಾಜಿನ ಪೆಟ್ಟಿಗ್ಯಾಗ ಆಕಿಗೆ ಯಾರು ಮಾಡಸ್ತಾರ?" ಬಾಯವ್ವ ಕೊಡಕ್ಕೆ ಸೆರಗು ಮುಚ್ಚಿದಳು. "ನನ್ನ ಕರಕೊಂಡು ಹೋಗ್ರಿ. ಮೊದಲ ಆಕಿನ್ನ ಕಲ್ಲಿಗೆ ಏರಿಸಾಕ ಬಿಡ್ರಿ. ಖಾಲಿ ಕಲ್ಲು ಊರಿಗೆ ಛಲೋ ಅಲ್ಲ."

ಆದರೆ ಗುಡಿಗೆ ಮೊಹರು ಬಿದ್ದಾಗಿತ್ತು. ಕೊಡವೂ ಜಪ್ತಿಯಾಯಿತು. ಬಂಧನ 11.15ಕ್ಕೆ. ಮನಸ್ಸಿಲ್ಲದಿದ್ದರೂ ಅನ್ನಪೂರ್ಣಾ ಸಹಿ ಹಾಕಿದರು.

ಸಂಜೆ ಹೇಳಿಕೆ ಕೊಡಲು ಬಂದ ನೀಲಕಂಠ ಮಾಸ್ತರರು ಕುರ್ಚಿಯಲ್ಲಿ ಸರಿಯಾಗಿ ಕೂರಲೇ ಇಲ್ಲ.

"ಆ ಬರಹದ ಕೊನೀ ಸಾಲು ನಾ ಯಾರಿಗೂ ಹೇಳಿದ್ದಿಲ್ರಿ. ಲೇಖನ ಛಾಪಿಸಿದ ಮ್ಯಾಲೆ ಹೇಳೋಣಂತ ಇಟ್ಟಕೊಂಡಿದ್ದೆ."

"ಏನಿತ್ತು?"

"ದೀಪ ಹಚ್ಚೋ ಹೆಣ್ಣಮಗಳ ಮನೆತನ ಇರೋತನಕ ದೇವಿನ್ನ ಇಲ್ಲಿಂದ ಯಾರೂ ಕದಲಿಸಬಾರದಂತ."

ಅನ್ನಪೂರ್ಣಾ ಬರೆದುಕೊಂಡರು. ಪಕ್ಕದ ಕೋಣೆಯಲ್ಲಿ ಬಾಯವ್ವ ಕುಳಿತಿದ್ದಳು. ಹೋಗಿ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.