ಗುಡ್ಡದ ತುದಿಯ ಚೀಲ

"ಬಾಯಾರ, ನನ್ನ ಗಂಡನ್ನ ಹುಡುಕಿ ಕೊಡ್ರಿ. ಆ ಕೊಳ್ಳದಾಗ ಬಿದ್ದಾರಂದ್ರ ನನ್ನ ಮನಸ್ಸು ಒಪ್ಪವಲ್ದು."

ಭುವನೇಶ್ವರಿ ಅಂಬಕ್ಕನ ಎರಡೂ ಕೈ ಹಿಡಿದು ಹೀಗೆ ಹೇಳಿದಾಗ ನಾವು ನೇಪಾಳದ ಒಂದು ಗುಡ್ಡದ ನೆತ್ತಿಯ ಮೇಲಿದ್ದೆವು. ಅಂಚಿನ ಕಬ್ಬಿಣದ ಕಂಬಿಗೆ ಅವಳ ಗಂಡ ಶ್ರೀಶೈಲಪ್ಪನ ಹೆಗಲಚೀಲ ನೇತಾಡುತ್ತಿತ್ತು. ಚೀಲದವನು ಮಾತ್ರ ಇರಲಿಲ್ಲ. ಕಂಬಿಯ ಆಚೆ ಮಂಜು, ಮಂಜಿನ ಕೆಳಗೆ ತಳ ಕಾಣದ ಕೊಳ್ಳ.

ಅಂಬಕ್ಕ ಎಂದರೆ ಅಂಬುಬಾಯಿ, ಶಾಲೆ ಬಿಟ್ಟ ಮೇಲೂ ಎಲ್ಲರ ಬಾಯಲ್ಲಿ 'ಬಾಯಾರು'. ಸಿಂದಗಿಯ ಒಂದು ಶಾಲೆಯಲ್ಲಿ ಅವಳು ವಿಜ್ಞಾನ ಕಲಿಸುತ್ತಿದ್ದಳು, ನಾನು, ವಿದ್ಯಾವತಿ, ಅಲ್ಲೇ ಕನ್ನಡ ಕಲಿಸುತ್ತಿದ್ದೆ. ನಿವೃತ್ತಿಯ ನಂತರ ಊರಿನ ಕಳವು, ಕಾಣೆಯಾದವರು, ಮುಚ್ಚಿಟ್ಟ ಗುಟ್ಟು ಎಲ್ಲವೂ ಅವಳ ಪಡಸಾಲೆಗೆ ಬರುತ್ತವೆ. ಅವಳು ತಲೆ ಓಡಿಸುತ್ತಾಳೆ, ಬಂದವರಿಗೆ ಚಹಾ ಕಾಸುವುದು ನನ್ನ ಪಾಲಿಗೆ. ಆರಾಮಾಗಿ ಹಿಮ ನೋಡಿ ಬರೋಣವೆಂದು ಹೊರಟ ಈ ಪ್ರವಾಸದಲ್ಲೂ ನಮಗೆ ಅದು ತಪ್ಪಲಿಲ್ಲ.

ಶ್ರೀಶೈಲಪ್ಪ ಲಚ್ಯಾಣದ ರೈತ, ಲಿಂಬೆತೋಟದವನು. ಸಾಯುವುದರೊಳಗೆ ಈ ಗುಡ್ಡ ಹತ್ತಿ ಹಿಮಾಲಯ ನೋಡಬೇಕೆಂಬುದು ಅವನ ಬಹಳ ದಿನದ ಆಸೆ. ಬಸವನ ಬಾಗೇವಾಡಿಯ ಬಸಂತರಾಯ ಪ್ರವಾಸ ಹೊರಡಿಸಿದಾಗ ಹೆಂಡತಿಯನ್ನೂ ಅವಳ ತಮ್ಮ ಸಂಜೀವಕುಮಾರನನ್ನೂ ಕರೆತಂದಿದ್ದ. ಸಂಜೀವ ಅಕ್ಕನ ಕೈತುತ್ತು ತಿಂದೇ ಬೆಳೆದವನು. ಈಗ ಭಾವನ ಹೊಲದ ಪಕ್ಕದಲ್ಲೇ ಅವನದೂ ಹೊಲ. ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಿಂದ ಶ್ರೀಶೈಲಪ್ಪ ಸಂಜೀವನಿಗೆ ಹೇಳಿದ ಮಾತು ಕೇಳಿಸಿತ್ತು: "ಊರಿಗೆ ಹೋದಮ್ಯಾಲೆ ಸಾತವ್ವನ ಮುಂದ ನೀನಾ ಹೇಳು. ಇಲ್ಲಂದ್ರ ನಾ ಹೇಳ್ತೇನಿ." ಮನೆಯ ಮಾತು ನಮಗೇಕೆಂದು ನಾನು ಕಿಟಕಿಯತ್ತ ತಿರುಗಿದ್ದೆ.

ಹಿಂದಿನ ಮಧ್ಯಾಹ್ನ ಗುಡ್ಡದ ಬುಡದ ವಸತಿಗೃಹ ಮುಟ್ಟಿದ್ದೆವು. ಕಲ್ಲಿನ ಮೆಟ್ಟಿಲ ದಾರಿಯಲ್ಲೇ ಹತ್ತಬೇಕು, ಕಾಡಿನ ಹಳ್ಳದೊಳಗಿನ ಹಳೆಯ ದಾರಿಗೆ ಇಳಿಯಬಾರದು ಎಂದು ಗೈಡ್ ಮಾನ್ ಬಹಾದೂರ ಹಿಂದಿಯಲ್ಲಿ ತಾಕೀತು ಮಾಡಿದ. ಹಳ್ಳದಲ್ಲಿ ಮಣ್ಣು ಕುಸಿಯುತ್ತದೆ, ಜಿಗಣೆಗಳೂ ವಿಪರೀತ. ಮೆಟ್ಟಿಲ ದಾರಿಯಲ್ಲಿ ಅವುಗಳ ಕಾಟವೇ ಇಲ್ಲವಂತೆ. ಎಲ್ಲರೂ ಮರುದಿನ ಬೆಳಗಿನ ಜಾವ ಕೂಡಿ ಹೋಗೋಣ ಎಂದ ಬಸಂತರಾಯ. ಶ್ರೀಶೈಲಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಬಸಂತರಾಯನ ಜೊತೆ ಜೋರಾಗಿಯೇ ಜಗಳಾಡಿ, ಸೂರ್ಯ ಮುಳುಗುವುದನ್ನು ನೋಡಲು ಸಂಜೀವನೊಡನೆ ಹೊರಟೇಬಿಟ್ಟ. ಭುವನೇಶ್ವರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಅರಿವೆಯಲ್ಲಿ ಕಟ್ಟಿ ಅವನ ಚೀಲದಲ್ಲಿಟ್ಟಳು.

ಕತ್ತಲಾಗುವಾಗ ಸಂಜೀವ ಒಬ್ಬನೇ ಮರಳಿದ. ಸೂರ್ಯೋದಯವನ್ನೂ ನೋಡಿಯೇ ಬರುತ್ತೇನೆಂದು ಭಾವ ತುದಿಯಲ್ಲಿರುವ ಚಹಾದ ಗುಡಿಸಲಲ್ಲಿ ಉಳಿದನಂತೆ. ಹೇಳುತ್ತಲೇ ಅವನು ತಂಬಾಕಿನ ಚಂಚಿಯಿಂದ ಸುಣ್ಣ ತೆಗೆದು ಪಾದದ ಗಂಟಿನ ಮೇಲೆ ಒತ್ತಿಕೊಂಡ. ಅಲ್ಲಿಂದ ರಕ್ತ ಜಿನುಗುವುದು ನಿಂತೇ ಇರಲಿಲ್ಲ. ಹೊಸ ಬೂಟು ಕಚ್ಚಿದೆ ಎಂದ. ಅವನ ಕೋಣೆಯೊಳಗೆ ಒಲೆಯ ಹೊಗೆಕೊಳವೆ ಹಾದುಹೋಗಿತ್ತು, ಅಲ್ಲಿ ಬೆಚ್ಚಗೆ ಮಲಗಿದ. ನಾವೆಲ್ಲ ಮಂಜಿನಲ್ಲಿ ನಡುಗುತ್ತ ಅವನ ಅದೃಷ್ಟಕ್ಕೆ ಹೊಟ್ಟೆ ಉರಿದುಕೊಂಡೆವು. ಬೆಳಗಾಗುವುದರಲ್ಲಿ ನನ್ನ ಚೀಲದ ಖಡಕ್ ರೊಟ್ಟಿಯನ್ನು ಚಪಾತಿಯ ಹಾಗೆ ಮಡಚಬಹುದಿತ್ತು.

ಭಾವನ ಚಿಂತೆಯಾಗಿದೆ ಎಂದು ಸಂಜೀವ ನಮಗಿಂತ ಮುಂಚೆ ಗುಡ್ಡ ಹತ್ತಿದ್ದ. ನನ್ನ ಮೊಣಕಾಲುಗಳನ್ನು ಬೈದುಕೊಳ್ಳುತ್ತ ನಾನು ತುದಿ ಮುಟ್ಟಿದಾಗ ಅವನು ಕಂಬಿ ಹಿಡಿದು ಅಳುತ್ತಿದ್ದ.

ಮಾನ್ ಬಹಾದೂರ ಹಗ್ಗ ಬಿಚ್ಚತೊಡಗಿದ. ಆ ಕೊಳ್ಳಕ್ಕಿಳಿಯಲು ಇಡೀ ದಿನ ಬೇಕು, ಗಾಯಗೊಂಡವನು ಈ ಚಳಿಯಲ್ಲಿ ಇನ್ನೊಂದು ರಾತ್ರಿ ಉಳಿಯುವುದಿಲ್ಲ ಎಂದ.

ಅಂಬಕ್ಕ ಚೀಲ ಇಳಿಸಿದಳು. ನಮ್ಮ ಚೀಲಗಳಂತೆ ಅದರ ಮೇಲೂ ಮಂಜಿನ ಪಸೆ ಇತ್ತು. ಒಳಗಿನ ಗಂಟು ಬಿಚ್ಚಿ ಒಂದು ತುಂಡು ರೊಟ್ಟಿ ಮುರಿದು ನನ್ನ ಕೈಗಿಟ್ಟಳು. "ತಿನ್ನು." ಇಂಥ ಹೊತ್ತಿನಲ್ಲಿ ತಿನ್ನುವುದೇ ಎಂದು ಸಿಟ್ಟು ಬಂತು. ಆದರೂ ಕಡಿದೆ. ಕುರುಕುರು ಎಂದಿತು.

ಅವಳು ಗೈಡನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಅವನು ಹಗ್ಗವನ್ನು ಹೆಗಲಿಗೇರಿಸಿ, ಇಬ್ಬರನ್ನು ಜೊತೆಗೆ ಕರೆದುಕೊಂಡು, ಬಂದ ಮೆಟ್ಟಿಲಲ್ಲೇ ಕೆಳಗೆ ಓಡಿದ. ಸಂಜೀವ ಅವರ ಬೆನ್ನು ಹತ್ತಲು ಹೊರಟ. ಬಸಂತರಾಯ ಮೆಟ್ಟಿಲಿಗೆ ಅಡ್ಡ ನಿಂತ. ಅಂಬಕ್ಕ ಎಲ್ಲರನ್ನೂ ಗುಡಿಸಲಲ್ಲಿ ಕೂಡಿಸಿದಳು. ಚಹಾದವನು ರಾತ್ರಿ ಅಲ್ಲಿರುವವನಲ್ಲ, ಆಗಷ್ಟೇ ಬಂದು ಒಲೆ ಹಚ್ಚುತ್ತಿದ್ದ.

"ಸಂಜೀವ, ಈ ಚೀಲ ರಾತ್ರಿ ಎಲ್ಲಿತ್ತು?"

"ಇಲ್ಲೇ ಇತ್ರಿ, ಭಾವನ ಕೂಡ."

"ಹಂಗಾರ ರೊಟ್ಟಿ ಯಾಕ ಮೆತ್ತಗಾಗಿಲ್ಲ? ನಾಕ ಗ್ವಾಡಿ ಒಳಗಿದ್ದ ವಿದ್ಯಾನ ರೊಟ್ಟಿ ಮೆತ್ತಗಾಗೇದ. ಈ ಗುಡಿಸಲಕ್ಕ ಗ್ವಾಡಿನೂ ಇಲ್ಲ. ಇದು ಬಿಸಿ ಇದ್ದಲ್ಲಿ ರಾತ್ರಿ ಕಳದದ. ಅಂಥಾ ಜಾಗಾ ನಿನ್ನ ಕೋಣಿ ಒಂದೇ. ನಿನ್ನೆ ಕತ್ತಲದಾಗ ಯಾರಿಗೂ ಕಾಣದಂಗ ಒಳಗ ಒಯ್ದಿ, ಮುಂಜಾನೆ ನೀನೇ ತಂದು ಇಲ್ಲಿ ನೇತುಹಾಕಿದಿ."

ಭುವನೇಶ್ವರಿ ಗಂಟಿಗೆ ಕೈಹಾಕಿ ಒಂದು ರೊಟ್ಟಿ ಮುರಿದಳು. ಅವಳೇ ಕೈಯಾರೆ ಬಡಿದ ರೊಟ್ಟಿ ಅದು. ಅವಳು ತಲೆ ಎತ್ತಿ ತಮ್ಮನನ್ನು ನೋಡಿದ ನೋಟವನ್ನು ತಾಳಲಾರದೆ ನಾನು ಮುಖ ತಿರುಗಿಸಿದೆ.

ಚೀಲವನ್ನು ಇಲ್ಲಿ ತಂದಿಟ್ಟದ್ದು ಈ ಕೊಳ್ಳದಲ್ಲಿ ಹುಡುಕಲಿ ಎಂದು, ಅಂದಮೇಲೆ ಶ್ರೀಶೈಲಪ್ಪ ಬೇರೆಲ್ಲೋ ಇದ್ದಾನೆ ಎಂದು ಅಂಬಕ್ಕ ಬಿಡಿಸಿ ಹೇಳಿದಳು. ಬೂಟು ಕಚ್ಚಿದರೆ ಚರ್ಮ ಸುಲಿಯುತ್ತದೆ, ಗುಳ್ಳೆ ಏಳುತ್ತದೆ. ತಾಸುಗಟ್ಟಲೆ ರಕ್ತ ಜಿನುಗುವುದು ಜಿಗಣೆ ಕಚ್ಚಿದಾಗ. ಜಿಗಣೆ ಇರುವುದು ಹಳ್ಳದಲ್ಲಿ. ಮೆಟ್ಟಿಲಲ್ಲೇ ಹತ್ತಿ ಇಳಿದವನಿಗೆ ಅದು ಹತ್ತುವುದು ಹೇಗೆ? ಗೈಡನನ್ನು ಅವಳು ಕಳಿಸಿದ್ದೂ ಆ ಹಳ್ಳಕ್ಕೇ. ಜಗಳಾಡಿದ ಬಸಂತರಾಯನ ಮೇಲೂ ಅವಳಿಗೆ ಗುಮಾನಿ ಇತ್ತಂತೆ. ಆದರೆ ಅವನು ಸಂಜೆಯಿಡೀ ನಮ್ಮೆದುರಿಗೇ ಇಸ್ಪೀಟು ಆಡುತ್ತಿದ್ದ. ಬಸಂತರಾಯ ನೊಂದುಕೊಂಡ ಮುಖ ಮಾಡಿದ.

"ಇನ್ನ ಯಾಕ ಅನ್ನೋದು," ಎಂದಳು ಅಂಬಕ್ಕ. "ಸಾತವ್ವನ ಮುಂದ ಏನ ಹೇಳೋದಿತ್ತೋ?"

ಉತ್ತರ ಕೊಟ್ಟವಳು ಭುವನೇಶ್ವರಿ. ಅವರ ಪಕ್ಕದ ಹೊಲದ ಸಾತವ್ವ ಗಂಡನಿಲ್ಲದವಳು. ಸಂಜೀವನ ಟ್ರ್ಯಾಕ್ಟರಿಗೆ ಅವಳು ತನ್ನ ಹೊಲದೊಳಗಿಂದ ದಾರಿ ಬಿಟ್ಟಿರಲಿಲ್ಲ. ಈ ಬೇಸಿಗೆಯಲ್ಲಿ ಅವಳ ಲಿಂಬೆಗಿಡಗಳೆಲ್ಲ ನಿಂತಲ್ಲೇ ಒಣಗಿದವು, ರೋಗವೆಂದು ಊರು ನಂಬಿತು. "ಬುಡಕ್ಕ ಕಳೆ ಕೊಲ್ಲೋ ಔಷಧ ಸುರದಿ ಹೌದಿಲ್ಲೋ?" ಎಂದು ಅವಳು ತಮ್ಮನನ್ನು ಕೇಳಿದಳು.

"ಭಾವ ಪಂಚಾಯ್ತಿ ಮುಂದ ನಿಲ್ಲಸ್ತೇನಿ ಅಂದ್ರು, ಅಕ್ಕಾ. ಸಿಟ್ಟಿನಾಗ ಮೆಟ್ಟಲ ಮ್ಯಾಲಿಂದ ಹಳ್ಳಕ್ಕ ದೂಡಿದೆ. ಇಳದು ನೋಡಿದೆ, ಮಿಸುಕಲಿಲ್ಲ."

ಜೀವವಿದ್ದರೆ ಎರಡು ಸಲ, ಇಲ್ಲದಿದ್ದರೆ ಒಂದೇ ಸಲ ಸೀಟಿ ಹೊಡೆ ಎಂದು ಗೈಡನಿಗೆ ಹೇಳಿಟ್ಟಿರುವುದನ್ನು ಅಂಬಕ್ಕ ಆಗ ತಿಳಿಸಿದಳು. ಚಹಾದವನು ಒಲೆ ಊದುವುದನ್ನೂ ನಿಲ್ಲಿಸಿದ. ಎಷ್ಟೋ ಹೊತ್ತಿನ ಮೇಲೆ ಕೆಳಗಿನ ಕಾಡಿನಿಂದ ಒಂದು ಸೀಟಿ ಕೇಳಿತು. ಭುವನೇಶ್ವರಿ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಆಮೇಲೆ ಇನ್ನೊಂದು ಸೀಟಿ ಬಂತು. ನಾನು ನಾಚಿಕೆ ಬಿಟ್ಟು ಅತ್ತೆ.

ನಾವು ಕೆಳಗಿಳಿದ ಮೇಲೆ ವಸತಿಗೃಹದ ಅಂಗಳಕ್ಕೆ ಶ್ರೀಶೈಲಪ್ಪನನ್ನು ಹೊತ್ತು ತಂದರು. ಕಾಲು ಮುರಿದಿತ್ತು, ತುಟಿ ನೀಲಿಗಟ್ಟಿತ್ತು, ಮೈತುಂಬ ಜಿಗಣೆ ಕಚ್ಚಿದ ಗುರುತು. ಅಷ್ಟರಲ್ಲಿ ಅಲ್ಲಿಯ ಪೊಲೀಸನೂ ಬಂದ. ಸಂಜೀವನನ್ನು ಬಸಂತರಾಯ ಹಿಡಿದು ನಿಂತಿದ್ದರೂ ಪೊಲೀಸನಿಗೆ ಬೇಕಾದದ್ದು ಬಿದ್ದವನ ಮಾತು. ಏನಾಯಿತೆಂದು ಅವನು ಹಿಂದಿಯಲ್ಲಿ ಕೇಳಿದ. ಶ್ರೀಶೈಲಪ್ಪ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ.

"ಕಾಲು ಜಾರಿತ್ರಿ," ಎಂದ. "ಯಾರದೂ ತಪ್ಪಿಲ್ಲ."

ಸಂಜೀವ ಬಿಕ್ಕಿದ. ಅಂಬಕ್ಕ ನನ್ನತ್ತ ನೋಡಿದಳು. ಅವಳು ಬಿಡಿಸಿದ್ದೆಲ್ಲ ಆ ಒಂದು ಮಾತಿನಿಂದ ನೀರಲ್ಲಿ ಹೋಮ ಮಾಡಿದಂತಾಗುವುದಿತ್ತು. ಆದರೂ ಅವಳು ಬಾಯಿ ಹಾಕಲಿಲ್ಲ.

ಭುವನೇಶ್ವರಿ ಗಂಡನ ತಲೆಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು.

"ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ," ಎಂದಳು. ಆಮೇಲೆ ಪೊಲೀಸನ ಕಡೆ ತಿರುಗಿ, ತನಗೆ ಬರುವ ಹರಕು ಹಿಂದಿಯಲ್ಲಿ, ದೂಡಿದವನು ತನ್ನ ತಮ್ಮ ಎಂದೂ ಅವನ ಹೆಸರು ಸಂಜೀವಕುಮಾರ ಎಂದೂ ಹೇಳಿದಳು.